ಹೊರಗಿನವರನ್ನು ಕೊಳ್ಳದ ಕ್ಲಬ್: ಬಿಲ್ಬಾವೊದ ನೂರು ವರ್ಷದ ಹಠ

ಇವತ್ತು ಫುಟ್‌ಬಾಲ್ ಬಗ್ಗೆ ಮಾತಾಡೋಣ. ಆಟ ನೋಡದವರೂ ಸ್ವಲ್ಪ ಇರಿ, ಇದು ನಿಜಕ್ಕೂ ಊರು ಮತ್ತು ವಲಸೆಯ ಕಥೆ. ಸ್ಪೇನಿನ ಉತ್ತರದಲ್ಲಿ ಬಿಲ್ಬಾವೊ ಅಂತ ಒಂದು ನಗರ ಇದೆ. ಅಲ್ಲಿನ ಅಥ್ಲೆಟಿಕ್ ಕ್ಲಬ್ "ನಮ್ಮ ಹುಡುಗರನ್ನಷ್ಟೇ ಆಡಿಸ್ತೀವಿ, ಹೊರಗಿನವರನ್ನು ಕೊಳ್ಳಲ್ಲ" ಅಂತ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಹಠ ಹಿಡಿದಿದೆ. ಆ "ನಮ್ಮ" ಅಂದರೆ ಯಾರು? ಊರು ಬಿಟ್ಟು ಬಂದು ಪುಣೆಯಲ್ಲೋ ಹೈದರಾಬಾದಿನಲ್ಲೋ ಮಕ್ಕಳನ್ನು ಬೆಳೆಸ್ತಿರೋ ನಮಗೆ ಈ ಪ್ರಶ್ನೆ ಹೊಸದೇನಲ್ಲ.

ಮೊದಲು ಹಿನ್ನೆಲೆ ನೋಡೋಣ. ಬಿಲ್ಬಾವೊ ಇರೋದು ಬಾಸ್ಕ್ ನಾಡಿನಲ್ಲಿ. ಇವರದು ಬೇರೆಯದೇ ಭಾಷೆ, ಸ್ಪ್ಯಾನಿಷ್‌ಗೂ ಅದಕ್ಕೂ ನಂಟಿಲ್ಲ. 19ನೇ ಶತಮಾನದಲ್ಲಿ ಅಲ್ಲಿನ ಕಬ್ಬಿಣದ ಅದಿರು ಹಡಗುಗಳಲ್ಲಿ ಇಂಗ್ಲೆಂಡಿಗೆ ಹೋಗ್ತಿತ್ತು. ಅಲ್ಲಿಂದ ಕೆಲಸಗಾರರು ಬಂದರು, ಅಲ್ಲಿ ಓದಲು ಹೋಗಿದ್ದ ಬಾಸ್ಕ್ ಹುಡುಗರು ವಾಪಸ್ ಬಂದರು. ಎರಡೂ ಕಡೆಯಿಂದ ಫುಟ್‌ಬಾಲ್ ಬಂತು. 1898ರಲ್ಲಿ ಶುರುವಾದ ಕ್ಲಬ್‌ಗೆ ಇಟ್ಟ ಹೆಸರೂ ಇಂಗ್ಲಿಷ್‌ನದೇ. ಆರಂಭದ ತಂಡಗಳಲ್ಲಿ ಇಂಗ್ಲಿಷರೂ ಆಡಿದ್ದಾರೆ.

ಹಾಗಾದರೆ ಈ ಹಠ ಎಲ್ಲಿಂದ ಬಂತು? 1911ರ ಸ್ಪ್ಯಾನಿಷ್ ಕಪ್‌ನಲ್ಲಿ ಇಂಗ್ಲಿಷ್ ಆಟಗಾರರನ್ನು ಆಡಿಸಿದ್ದಕ್ಕೆ ಎದುರಾಳಿಗಳು ತಕರಾರು ತೆಗೆದರು. ಆ ಜಗಳದ ಬೆನ್ನಲ್ಲೇ, 1912ರ ಹೊತ್ತಿಗೆ, ಸ್ಥಳೀಯರನ್ನಷ್ಟೇ ಆಡಿಸುವ ಪದ್ಧತಿ ಬಂತು. ಅದನ್ನು ನಿಯಮಾವಳಿಯಲ್ಲಿ ಬರೆದಿಡಲಿಲ್ಲ, ರೂಢಿಯಾಗಿ ಉಳಿಯಿತು. ಆದರೆ ಕೋಚ್ ಯಾವ ದೇಶದವರಾದರೂ ಆಗಬಹುದಿತ್ತು. 1930 ಮತ್ತು 1931ರಲ್ಲಿ ಲೀಗ್ ಗೆಲ್ಲಿಸಿಕೊಟ್ಟ ಫ್ರೆಡ್ ಪೆಂಟ್‌ಲ್ಯಾಂಡ್ ಇಂಗ್ಲಿಷರು. ಪಾಠ ಯಾರಿಂದ ಬೇಕಾದರೂ ಕಲಿಯೋಣ, ಆಡೋರು ಮಾತ್ರ ನಮ್ಮವರಾಗಿರಲಿ, ಇದು ಅವರ ಲೆಕ್ಕ.

ಆ ಕಾಲಕ್ಕೆ ಇದೇನು ದೊಡ್ಡ ತ್ಯಾಗವಲ್ಲ. 1929ರಲ್ಲಿ ಸ್ಪ್ಯಾನಿಷ್ ಲೀಗ್ ಶುರುವಾದಾಗ ಇದ್ದ 10 ತಂಡಗಳಲ್ಲಿ 4 ಬಾಸ್ಕ್ ನಾಡಿನವೇ. ಪ್ರತಿಭೆ ಮನೆ ಬಾಗಿಲಲ್ಲೇ ಇತ್ತು. ಕಷ್ಟ ಶುರುವಾಗಿದ್ದು 1950ರ ದಶಕದಲ್ಲಿ. ರಿಯಲ್ ಮ್ಯಾಡ್ರಿಡ್ ಡಿ ಸ್ಟೆಫಾನೊನನ್ನು, ಬಾರ್ಸಿಲೋನಾ ಕುಬಾಲಾನನ್ನು ತಂದುಕೊಂಡವು. ಹಾಗಿದ್ದೂ 1958ರ ಕಪ್ ಫೈನಲ್‌ನಲ್ಲಿ ಅಥ್ಲೆಟಿಕ್ ಅದೇ ಮ್ಯಾಡ್ರಿಡ್ ತಂಡವನ್ನು ಅದರ ಸ್ವಂತ ಮೈದಾನದಲ್ಲೇ 2-0 ಅಂತರದಲ್ಲಿ ಸೋಲಿಸಿತು. ಆ ತಂಡವನ್ನು ಇಂದಿಗೂ "ಹನ್ನೊಂದು ಹಳ್ಳಿಗರು" ಅಂತಲೇ ನೆನೆಯುತ್ತಾರೆ.

ಈ ಹೆಮ್ಮೆಗೆ ಇನ್ನೊಂದು ಮುಖವೂ ಇತ್ತು. ಅದೇ ದಶಕದಲ್ಲಿ ಮಿಗೆಲ್ ಜೋನ್ಸ್ ಅಂತ ಒಬ್ಬ ಹುಡುಗ ಇದ್ದ. ಹುಟ್ಟಿದ್ದು ಆಫ್ರಿಕಾದ ಸ್ಪ್ಯಾನಿಷ್ ವಸಾಹತಿನಲ್ಲಿ, ಈಗಿನ ಈಕ್ವಟೋರಿಯಲ್ ಗಿನಿಯಲ್ಲಿ. ಚಿಕ್ಕಂದಿನಲ್ಲೇ ಬಿಲ್ಬಾವೊಗೆ ಬಂದು ಅಲ್ಲಿನ ಬೀದಿಗಳಲ್ಲೇ ಬೆಳೆದ. ಅಥ್ಲೆಟಿಕ್ ಅವನನ್ನು ಆಡಿಸಿ ಪರೀಕ್ಷಿಸಿತು, ಆದರೆ ತೆಗೆದುಕೊಳ್ಳಲಿಲ್ಲ. ಇಲ್ಲಿ ಹುಟ್ಟಿದವನಲ್ಲ ಅನ್ನೋದು ಕೊಟ್ಟ ಕಾರಣ. ಜೋನ್ಸ್ ಅಟ್ಲೆಟಿಕೊ ಮ್ಯಾಡ್ರಿಡ್ ಸೇರಿದ, 1962ರಲ್ಲಿ ಯುರೋಪಿಯನ್ ಕಪ್ ವಿನ್ನರ್ಸ್ ಕಪ್ ಗೆದ್ದ. ಬೆಳೆಸಿದ ಊರಿಗೆ ಆ ಆಟ ಸಿಗಲಿಲ್ಲ.

1971ರಲ್ಲಿ ಕ್ಲಬ್ ಬಿಲ್ಬಾವೊ ಪಕ್ಕದ ಲೆಸಾಮಾ ಅನ್ನೋ ಹಳ್ಳಿಯಲ್ಲಿ ತರಬೇತಿ ಕೇಂದ್ರ ತೆರೆಯಿತು. ನನ್ನ ಪ್ರಕಾರ ಇಡೀ ಕಥೆಯ ತಿರುವು ಇದೇ. ಅಲ್ಲಿವರೆಗೆ ಹುಡುಗರು ಅವರಿವರ ಕೈಯಲ್ಲಿ ಬೆಳೆದು ಬರ್ತಿದ್ದರು, ಈಗ ಬೆಳೆಸೋದೇ ಒಂದು ವ್ಯವಸ್ಥೆಯಾಯಿತು. ಸಣ್ಣ ಮಕ್ಕಳಿಂದ ಹಿಡಿದು ವಯಸ್ಸಿಗೆ ತಕ್ಕ ತಂಡಗಳು, ಮಧ್ಯದಲ್ಲಿ ಬಾಸ್ಕೋನಿಯಾ ಅನ್ನೋ ಸಹ-ಕ್ಲಬ್, ಆಮೇಲೆ ಬಿಲ್ಬಾವೊ ಅಥ್ಲೆಟಿಕ್ ಅನ್ನೋ ಎರಡನೇ ತಂಡ, ಕೊನೆಗೆ ಮುಖ್ಯ ತಂಡ. ಸುತ್ತಲಿನ ನೂರಕ್ಕೂ ಹೆಚ್ಚು ಸಣ್ಣ ಕ್ಲಬ್‌ಗಳ ಜೊತೆ ಒಪ್ಪಂದವೂ ಇದೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಲ್ಯಾಟರಲ್ ಹೈರಿಂಗ್ ಬಂದ್, ಪೂರ್ತಿ ಫ್ರೆಷರ್ ಟ್ರೇನಿಂಗ್ ಮೇಲೆ ನಡೆಯೋ ಕಂಪನಿ.

ಫಲ 1983 ಮತ್ತು 1984ರಲ್ಲಿ ಕಾಣಿಸಿತು. ಹಾವಿಯೆರ್ ಕ್ಲೆಮೆಂಟೆ ಅನ್ನೋ ಯುವ ಕೋಚ್ ಕೈಯಲ್ಲಿ ಸತತ ಎರಡು ಲೀಗ್, 1984ರಲ್ಲಿ ಕಪ್ ಕೂಡ. ಗೆದ್ದ ತಂಡವನ್ನು ಗಬಾರ್ರಾ ಅನ್ನೋ ದೋಣಿಯಲ್ಲಿ ನದಿಯ ಮೇಲೆ ಮೆರವಣಿಗೆ ಮಾಡಿದರು. ಉಕ್ಕು, ಹಡಗು ಕಟ್ಟೋ ಉದ್ಯಮ ಕುಸಿಯುತ್ತಿದ್ದ ಕಾಲ ಅದು. ಕೆಲಸ ಕಳೆದುಕೊಳ್ಳುತ್ತಿದ್ದ ಜನ ದಡದಲ್ಲಿ ನಿಂತು ನೋಡಿದ ಮೆರವಣಿಗೆ.

ಆಮೇಲೆ 40 ವರ್ಷ ದೊಡ್ಡ ಟ್ರೋಫಿ ಬರೋದೇ ಕಷ್ಟ ಆಯ್ತು. ಪಕ್ಕದೂರಿನ ರಿಯಲ್ ಸೊಸಿಯೆಡಾಡ್‌ಗೂ ಇಂಥದ್ದೇ ಪದ್ಧತಿ ಇತ್ತು. 1989ರಲ್ಲಿ ಜಾನ್ ಆಲ್ಡ್ರಿಜ್‌ನನ್ನು ತಂದು ಅವರು ಅದನ್ನು ಬಿಟ್ಟರು. 1995ರಲ್ಲಿ ಬಾಸ್ಮನ್ ತೀರ್ಪು ಬಂದು ಯುರೋಪಿನ ಆಟಗಾರರ ಮಾರುಕಟ್ಟೆ ಪೂರ್ತಿ ತೆರೆದುಕೊಂಡಿತು. ಅಥ್ಲೆಟಿಕ್ ಬೆಳೆಸಿದವರನ್ನು ದೊಡ್ಡ ಕ್ಲಬ್‌ಗಳು ಒಪ್ಪಂದದ ಬಿಡುಗಡೆ ಮೊತ್ತ ಕಟ್ಟಿ ಎತ್ತಿಕೊಂಡು ಹೋದವು. ನಾವು ನೋಟಿಸ್ ಪೀರಿಯಡ್ ಬೈಔಟ್ ಅಂತೀವಲ್ಲ, ಅದರ ದೊಡ್ಡಣ್ಣ ಇದು. 2012ರಲ್ಲಿ ಹಾವಿ ಮಾರ್ಟಿನೆಸ್ ಬಯರ್ನ್ ಮ್ಯೂನಿಕ್‌ಗೆ ಹೋದ, 4 ಕೋಟಿ ಯೂರೋ. 2018ರಲ್ಲಿ ಗೋಲ್‌ಕೀಪರ್ ಕೆಪಾ ಚೆಲ್ಸಿಗೆ ಹೋದ, 8 ಕೋಟಿ ಯೂರೋ. ಕೈಯಲ್ಲಿ ದುಡ್ಡಿದೆ, ಆದರೆ ಕೊಳ್ಳಲು ಅಂಗಡಿ ಒಂದೇ. ಹಾಗಾಗಿ ನೆರೆಯ ಬಾಸ್ಕ್ ಕ್ಲಬ್‌ಗಳ ಹುಡುಗರ ಮೇಲೆ ಕಣ್ಣು ಹಾಕ್ತಾರೆ, ಆ ಕ್ಲಬ್‌ಗಳಿಗೆ ಇದರ ಬಗ್ಗೆ ಸಿಟ್ಟೂ ಇದೆ. ಇದನ್ನು ಮರೆಮಾಚಿ ಹೊಗಳೋದು ಸರಿಯಲ್ಲ. ಇಷ್ಟೆಲ್ಲ ಆದರೂ ಮೊದಲ ದರ್ಜೆಯಿಂದ ಒಮ್ಮೆಯೂ ಕೆಳಗಿಳಿಯದ ಮೂರೇ ಕ್ಲಬ್‌ಗಳಲ್ಲಿ ಇದೂ ಒಂದು. ಉಳಿದೆರಡು ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ.

ಈ ನಡುವೆ ರೂಢಿಯ ಅರ್ಥವೇ ನಿಧಾನಕ್ಕೆ ಬದಲಾಯ್ತು. ಬಾಸ್ಕ್ ನಾಡಿನಲ್ಲಿ ಹುಟ್ಟಿದವನು, ಇಲ್ಲವೇ ಅಲ್ಲಿನ ಕ್ಲಬ್‌ನಲ್ಲಿ ಕಲಿತು ಬೆಳೆದವನು, ಇಬ್ಬರೂ ನಮ್ಮವರೇ ಅಂತಾಯಿತು. 2011ರಲ್ಲಿ ಜೋನಾಸ್ ರಮಾಲ್ಹೊ ಆಡಿದ. ತಂದೆ ಅಂಗೋಲಾದವರು, ಅಥ್ಲೆಟಿಕ್‌ನ ಮುಖ್ಯ ತಂಡದಲ್ಲಿ ಆಡಿದ ಮೊದಲ ಕಪ್ಪು ಆಟಗಾರ ಅವನೇ. ಆಮೇಲೆ ಬಂದವನು ಇನ್ಯಾಕಿ ವಿಲಿಯಮ್ಸ್. ಅವನ ಅಪ್ಪ ಅಮ್ಮ ಘಾನಾ ಬಿಟ್ಟು, ಸಹಾರಾ ಮರುಭೂಮಿ ದಾಟಿ, ಮೆಲಿಲ್ಲಾದ ಗಡಿಬೇಲಿ ಹತ್ತಿ ಸ್ಪೇನಿಗೆ ಬಂದವರು. ನೆರವಾದ ಪಾದ್ರಿಯ ಹೆಸರನ್ನೇ ಬಿಲ್ಬಾವೊದಲ್ಲಿ ಹುಟ್ಟಿದ ಮಗನಿಗೆ ಇಟ್ಟರು. ಆ ಮಗ ಲೀಗ್‌ನಲ್ಲಿ ಒಂದೂ ಪಂದ್ಯ ತಪ್ಪಿಸದೆ ಸತತ 251 ಪಂದ್ಯ ಆಡಿ ದಾಖಲೆ ಮಾಡಿದ. ತಮ್ಮ ನಿಕೊ ಕೂಡ ಇದೇ ತಂಡಕ್ಕೆ ಬಂದ. 2022ರಿಂದ ಅಣ್ಣ ಘಾನಾಗೆ, ತಮ್ಮ ಸ್ಪೇನಿಗೆ ಆಡ್ತಾರೆ. ಅದರಿಂದ ಅವರು ಬಿಲ್ಬಾವೊದವರಲ್ಲ ಅಂತೇನೂ ಆಗಲಿಲ್ಲ.

2024ರ ಏಪ್ರಿಲ್ 6ರಂದು ಸೆವಿಯಾ ನಗರದಲ್ಲಿ ಕಪ್ ಫೈನಲ್. ಮಯೋರ್ಕಾ ವಿರುದ್ಧ 1-1, ಕೊನೆಗೆ ಪೆನಾಲ್ಟಿಯಲ್ಲಿ ಗೆಲುವು. 1984ರ ನಂತರ ಆರು ಕಪ್ ಫೈನಲ್ ಸೋತ ಮೇಲೆ ಸಿಕ್ಕ ಕಪ್ ಇದು. ಗಬಾರ್ರಾ ಮತ್ತೆ ನದಿಗಿಳಿಯಿತು, ಈ ಸಲ ವಿಲಿಯಮ್ಸ್ ಸಹೋದರರೂ ಅದರಲ್ಲಿದ್ದರು.

ನನಗೆ ಅನಿಸೋದು ಇಷ್ಟು. ಬರೀ ರೂಢಿ ಇದ್ದಿದ್ದರೆ ಈ ಕ್ಲಬ್ ಎಂದೋ ಮುಳುಗ್ತಿತ್ತು. ಉಳಿಸಿದ್ದು ಲೆಸಾಮಾ. ಬೆಳೆಸೋ ಕೆಲಸವನ್ನು ನಿಜವಾಗಿ ಕೈಗೆತ್ತಿಕೊಂಡವರಿಗೆ "ನೀನು ಎಲ್ಲಿ ಹುಟ್ಟಿದೆ" ಅನ್ನೋ ಪ್ರಶ್ನೆಗಿಂತ "ನಿನ್ನನ್ನು ಯಾರು ಬೆಳೆಸಿದರು" ಅನ್ನೋದು ದೊಡ್ಡದಾಗುತ್ತೆ. ಇವತ್ತಿನ ಲೆಕ್ಕದಲ್ಲಿ ಮಿಗೆಲ್ ಜೋನ್ಸ್ ಬಿಲ್ಬಾವೊದವನೇ. ಪುಣೆಯಲ್ಲಿ ಹುಟ್ಟಿ, ಮರಾಠಿ ಗೆಳೆಯರ ಜೊತೆ ಆಡಿ, ಮನೆಯಲ್ಲಿ ಕನ್ನಡ ಮಾತಾಡೋ ಮಗು ಯಾರದ್ದು ಅಂತ ಯಾರಾದರೂ ಕೇಳಿದರೆ ಎರಡೂ ಊರಿನವರು ಕೈ ಎತ್ತಬಹುದು. ಬೆಂಗಳೂರಿಗೆ ಬಂದು ಬೆಳೆಯೋ ಬೇರೆಯವರ ಮಕ್ಕಳಿಗೂ ಇದೇ ಲೆಕ್ಕ ಹಾಕಬೇಕು, ಅಲ್ವಾ?