ಗ್ರಾನೈಟ್ ನೆಲದ ಎಡ ಮತ: ಫ್ರಾನ್ಸಿನ ಕ್ರೂಜ್ ಕ್ಷೇತ್ರದ ಚುನಾವಣಾ ಚರಿತ್ರೆ

ಮಧ್ಯ ಫ್ರಾನ್ಸಿನ ಕ್ರೂಜ್ ಜಿಲ್ಲೆ 2012ರಿಂದ ನ್ಯಾಷನಲ್ ಅಸೆಂಬ್ಲಿಗೆ ಒಬ್ಬನೇ ಸದಸ್ಯನನ್ನು ಕಳಿಸುತ್ತಿದೆ. ಆ ವರ್ಷ ಗೆದ್ದವರು ಸಮಾಜವಾದಿ ಮಿಶೆಲ್ ವೆರ್ನಿಯೇ. 2017ರಲ್ಲಿ ಮ್ಯಾಕ್ರೋನ್ ಪಕ್ಷದ ಜಾಂ-ಬಾತಿಸ್ತ್ ಮೊರೋ, 2022ರಲ್ಲಿ ತೀವ್ರ ಎಡಪಂಥದ ಕಾಥರೀನ್ ಕೂತುರಿಯೇ, 2024ರಲ್ಲಿ ಲೆ ಪೆನ್ ಪಕ್ಷದೊಂದಿಗೆ ಕೈಜೋಡಿಸಿದ, ಬಲಪಂಥೀಯ ನಾಯಕ ಸಿಯೋತಿಯ ಬಣದ ಬಾರ್ತೊಲೊಮೆ ಲನ್ವಾರ್ ಗೆದ್ದರು. ನಾಲ್ಕು ಚುನಾವಣೆ, ನಾಲ್ಕು ಪಕ್ಷ. ಎಡಪಂಥದ ಭದ್ರಕೋಟೆ ಎನಿಸಿಕೊಂಡಿದ್ದ ನಾಡು ಹೀಗೆ ಮಗ್ಗುಲು ಬದಲಿಸಿದ್ದನ್ನು ಸಿದ್ಧಾಂತದ ಪಲ್ಲಟವೆಂದು ವಿವರಿಸುವುದು ಸುಲಭ. ಆದರೆ ಇಲ್ಲಿನ ಎಡ ಮತ ಮೊದಲಿನಿಂದಲೂ ಸಿದ್ಧಾಂತಕ್ಕಿಂತ ಸಂಪರ್ಕಗಳ ಆಸರೆಯಲ್ಲಿ ಬೆಳೆದದ್ದು ಎಂಬುದು ಈ ಲೇಖನದ ವಾದ. ಮೊದಲು ವಲಸೆ, ಆಮೇಲೆ ಸಾರ್ವಜನಿಕ ಸೇವೆ ಈ ನಾಡನ್ನು ಗಣರಾಜ್ಯಕ್ಕೆ ಕಟ್ಟಿಹಾಕಿದ್ದವು.

ಆಂದ್ರೆ ಸೀಗ್‌ಫ್ರೀಡ್ 1913ರಲ್ಲಿ ಪಶ್ಚಿಮ ಫ್ರಾನ್ಸಿನ ಮತದಾನವನ್ನು ಅಧ್ಯಯನ ಮಾಡಿದ ಮೇಲೆ, ಗ್ರಾನೈಟ್ ನೆಲ ಬಲಕ್ಕೆ, ಸುಣ್ಣಕಲ್ಲಿನ ನೆಲ ಎಡಕ್ಕೆ ಒಲಿಯುತ್ತದೆ ಎಂಬ ಸೂತ್ರ ಜನಜನಿತವಾಯಿತು. ಅವರ ವಿಶ್ಲೇಷಣೆ ಆ ಸೂತ್ರಕ್ಕಿಂತ ಬಹಳ ಸೂಕ್ಷ್ಮವಾದದ್ದು. ಆದರೂ ಕ್ರೂಜ್ ಆ ಸೂತ್ರಕ್ಕೆ ನೇರ ಅಪವಾದವಾಗಿ ನಿಲ್ಲುತ್ತದೆ. ಇಲ್ಲಿಯದು ಗ್ರಾನೈಟ್ ನೆಲ, ಚದುರಿದ ಹಳ್ಳಿಗಳು, ಬಡ ಹಿಡುವಳಿಗಳು. ಮತ ಮಾತ್ರ ಎಡಕ್ಕೆ. ಕಾರಣವನ್ನು ಮಣ್ಣಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ದಾರಿಯಲ್ಲಿ ಹುಡುಕಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ಈ ಜಿಲ್ಲೆಯ ಗಂಡಸರು ಚಳಿಗಾಲ ಮುಗಿಯುತ್ತಿದ್ದಂತೆ ಗಾರೆ ಕೆಲಸಕ್ಕೆಂದು ಪ್ಯಾರಿಸ್, ಲಿಯೋನ್‌ಗಳಿಗೆ ಹೊರಡುತ್ತಿದ್ದರು. ಬೇಸಾಯ ಹೆಂಗಸರ, ಮುದುಕರ ಪಾಲಿಗೆ ಬೀಳುತ್ತಿತ್ತು. ಇತಿಹಾಸಕಾರ ಅಲಾಂ ಕೋರ್ಬಾಂ 1975ರಲ್ಲಿ ಪ್ರಕಟಿಸಿದ, ಕ್ರೂಜ್ ಒಳಗೊಂಡ ಲಿಮೂಸಾಂ ಪ್ರಾಂತ್ಯದ ಬೃಹತ್ ಅಧ್ಯಯನದಲ್ಲಿ ಈ ವಲಸೆಗೆ ಕೇಂದ್ರ ಸ್ಥಾನವಿದೆ.

ಮಾರ್ತಾಂ ನಾದೋ ಅವರ ಬದುಕಿನಲ್ಲಿ ಈ ಸಂಪರ್ಕದ ಬಗೆ ಹತ್ತಿರದಿಂದ ಕಾಣುತ್ತದೆ. 1815ರಲ್ಲಿ ಸೂಬ್ರೆಬೋ ಬಳಿಯ ಹಳ್ಳಿಯಲ್ಲಿ ಹುಟ್ಟಿದ ಅವರು 1830ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ತಂದೆಯೊಂದಿಗೆ ಪ್ಯಾರಿಸಿಗೆ ಹೊರಟರು. ಹಗಲೆಲ್ಲ ಗಾರೆ ಹೊತ್ತರು. ಬಾಡಿಗೆ ಕೋಣೆಯಲ್ಲಿ ಒಂದೊಂದು ಹಾಸಿಗೆಗೆ ಇಬ್ಬಿಬ್ಬರು. ಸಂಜೆ ತನ್ನಂಥ ಕೂಲಿಗಳಿಗೆ ಓದು ಬರಹ ಹೇಳಿಕೊಟ್ಟರು, ಗಣರಾಜ್ಯವಾದಿ ಪತ್ರಿಕೆಗಳನ್ನು ಗಟ್ಟಿಯಾಗಿ ಓದಿ ಹೇಳಿದರು. 1849ರಲ್ಲಿ ಕ್ರೂಜ್ ಅವರನ್ನು ಶಾಸನಸಭೆಗೆ ಆರಿಸಿತು. ಆ ಚುನಾವಣೆ ನಡೆದದ್ದು ಮೇ ತಿಂಗಳಲ್ಲಿ, ಗಾರೆಯವರು ಊರಿನಿಂದ ದೂರವಿರುವ ಹಂಗಾಮಿನಲ್ಲಿ. ಹಾಗಾಗಿ ಮತ ಹಾಕಿದವರನ್ನಷ್ಟೇ ಎಣಿಸಿದರೆ ಸಾಲದು. ಊರಲ್ಲಿ ಉಳಿದವರಿಗೆ ಪ್ಯಾರಿಸಿನ ಸುದ್ದಿ ಮುಟ್ಟಿಸಿದವರೂ ಈ ಚರಿತ್ರೆಯ ಪಾತ್ರಧಾರಿಗಳೇ. ಇನ್ನೊಂದು ಸಂಗತಿಯನ್ನು ಮರೆಯುವಂತಿಲ್ಲ: ಐದೇ ತಿಂಗಳ ಹಿಂದೆ, 1848ರ ಡಿಸೆಂಬರ್‌ನ ಅಧ್ಯಕ್ಷೀಯ ಚುನಾವಣೆಯಲ್ಲಿ, ಇದೇ ಜಿಲ್ಲೆ ಲೂಯಿ ನೆಪೋಲಿಯನ್‌ಗೆ ಭಾರೀ ಬಹುಮತ ಕೊಟ್ಟಿತ್ತು. 1851ರ ಕ್ಷಿಪ್ರಕ್ರಾಂತಿಯ ನಂತರ ಅದೇ ಲೂಯಿ ನೆಪೋಲಿಯನ್ ನಾದೋ ಅವರನ್ನು ದೇಶಭ್ರಷ್ಟರನ್ನಾಗಿಸಿದ. ಹುಟ್ಟಾ ಎಡಪಂಥೀಯ ನಾಡು ಎಂಬ ಕಲ್ಪನೆಗೆ 1848ರ ಆ ಮತವೊಂದೇ ಸಾಕಷ್ಟು ಪೆಟ್ಟು ಕೊಡುತ್ತದೆ. ಇಂಗ್ಲೆಂಡಿನಿಂದ ಮರಳಿದ ನಾದೋ 1876ರಿಂದ 1889ರವರೆಗೆ ಮತ್ತೆ ಸದಸ್ಯರಾಗಿದ್ದರು.

1851ರಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 2,87,000. ಈಗ 1,15,000ದ ಆಸುಪಾಸು. ಹಂಗಾಮಿಗೆ ಹೋಗಿ ಬರುತ್ತಿದ್ದವರು ಕ್ರಮೇಣ ಹೋದಲ್ಲೇ ನೆಲೆಸಿದರು. ಊರಲ್ಲಿ ಉಳಿದವರಿಗೆ ಗಣರಾಜ್ಯವೆಂದರೆ ಶಾಲೆ, ಅಂಚೆ ಕಚೇರಿ, ರೈಲು ನಿಲ್ದಾಣ, ತೆರಿಗೆ ಕಚೇರಿ. ಐದನೇ ಗಣರಾಜ್ಯದಲ್ಲಿ 1958ರಿಂದ 1981ರವರೆಗೆ ಸಮಾಜವಾದಿ ಸದಸ್ಯರಾಗಿದ್ದ ಆಂದ್ರೆ ಷಾಂದೆರ್ನಾಗೋರ್ ಮೂಲತಃ ಉನ್ನತ ಅಧಿಕಾರಿ. ಪ್ಯಾರಿಸಿನ ಆಡಳಿತದ ಒಳಹೊರಗು ಬಲ್ಲವರು. ಹಳ್ಳಿಗೂ ಸರ್ಕಾರಕ್ಕೂ ನಡುವೆ ಕೊಂಡಿಯಾಗಿದ್ದುದೇ ಅವರ ಬಲ ಎಂದು ನಾನು ಭಾವಿಸುತ್ತೇನೆ. ಕ್ರೂಜ್‌ವರೆಗೂ ಹಬ್ಬಿದ ಮಿಲ್‌ವಾಶ್ ಪ್ರಸ್ಥಭೂಮಿಯ ಇನ್ನೊಂದು ಮಗ್ಗುಲಲ್ಲಿ, ನೆರೆ ಜಿಲ್ಲೆಯ ಉಸೆಲ್ ಕ್ಷೇತ್ರದಲ್ಲಿ, ಜಾಕ್ ಶಿರಾಕ್ 1967ರಲ್ಲಿ ಬಲಪಂಥದ ಹೆಸರಿನಲ್ಲಿ ಇಂಥದೇ ಕೊಂಡಿಯಾಗಿ ಗೆದ್ದದ್ದು ಈ ಊಹೆಗೆ ಇಂಬು ಕೊಡುತ್ತದೆ.

ಆ ಕೊಂಡಿ ಕಳಚಿದ ಹೊತ್ತನ್ನು ನಿಖರವಾಗಿ ತೋರಿಸಬಹುದು. 2004ರ ಅಕ್ಟೋಬರ್‌ನಲ್ಲಿ, ಗ್ರಾಮೀಣ ತೆರಿಗೆ ಕಚೇರಿಗಳನ್ನು ಮುಚ್ಚುವುದನ್ನು ವಿರೋಧಿಸಿ ಜಿಲ್ಲೆಯ 263 ಜನಪ್ರತಿನಿಧಿಗಳು ಒಟ್ಟಾಗಿ ರಾಜೀನಾಮೆ ಪತ್ರ ಸಲ್ಲಿಸಿದರು. 2005ರ ಮಾರ್ಚ್‌ನಲ್ಲಿ ಜಿಲ್ಲಾ ಕೇಂದ್ರ ಗೇರೆಯಲ್ಲಿ ನಡೆದ ದೊಡ್ಡ ಪ್ರತಿಭಟನೆಗೆ ಸಮಾಜವಾದಿ ನಾಯಕ ಫ್ರಾನ್ಸ್ವಾ ಒಲಾಂದ್ ಬಂದಾಗ ಜನ ಅವರ ಮೇಲೆ ಹಿಮದ ಉಂಡೆಗಳನ್ನು ಎಸೆದರು. ಆಳುವ ಬಲಪಂಥದ ಮೇಲಿನ ಸಿಟ್ಟು ಎಡ ಪಕ್ಷಕ್ಕೆ ತಾನಾಗಿ ಮತವಾಗಿ ಒದಗುವ ಕಾಲ ಮುಗಿದಿತ್ತು.

ಮುಂದಿನ ಪೆಟ್ಟು ಕಾನೂನಿನಿಂದ ಬಂತು. ಪ್ರತಿ ಜಿಲ್ಲೆಗೂ ಕನಿಷ್ಠ ಇಬ್ಬರು ಸದಸ್ಯರಿರಬೇಕೆಂಬ ನಿಯಮವನ್ನು ಸಾಂವಿಧಾನಿಕ ಮಂಡಳಿ 2009ರ ಜನವರಿಯಲ್ಲಿ ತಳ್ಳಿಹಾಕಿತು. ಪ್ರತಿ 1,25,000 ಜನಕ್ಕೊಂದು ಸ್ಥಾನವೆಂಬ ಲೆಕ್ಕದಲ್ಲಿ ಕ್ರೂಜ್‌ಗೆ ಉಳಿದದ್ದು ಒಂದೇ. ಗೇರೆ ಭಾಗದ ವೆರ್ನಿಯೇ ಮತ್ತು ಇನ್ನೊಂದು ಕ್ಷೇತ್ರದ ಬಲಪಂಥೀಯ ಸದಸ್ಯ ಜಾಂ ಓಕ್ಲೇರ್ 2012ರಲ್ಲಿ ಎದುರುಬದುರಾದರು. ಸಮಾನತೆಯ ತತ್ವದಿಂದ ನೋಡಿದರೆ ತೀರ್ಪು ಸರಿಯೇ. ಆದರೆ ಜನ ಕಡಿಮೆಯಾದರೆಂದು ಕಚೇರಿ ಮುಚ್ಚಿದಂತೆಯೇ ಸ್ಥಾನವೂ ಹೋಯಿತು. ಈ ಎರಡು ನಷ್ಟಗಳನ್ನು ಬಿಡಿಬಿಡಿಯಾಗಿ ನೋಡುವ ಅಧ್ಯಯನಗಳು ಕ್ರೂಜ್‌ನ ಮತದಾರರನ್ನು ಚಂಚಲರೆಂದು ತಪ್ಪಾಗಿ ಚಿತ್ರಿಸುತ್ತವೆ.

2017ರಲ್ಲಿ ಲಾ ಸೂತೆರೇನ್‌ನ ವಾಹನ ಬಿಡಿಭಾಗಗಳ ಕಾರ್ಖಾನೆ ಮುಚ್ಚುವ ಹಂತ ತಲುಪಿ, ಕಾರ್ಮಿಕರು ಅದನ್ನೇ ಸ್ಫೋಟಿಸುವುದಾಗಿ ಎಚ್ಚರಿಸಿದ್ದ ಸಮಯದಲ್ಲಿ ಮೊರೋ ಗೆದ್ದರು. ಅವರು ಲಿಮೂಸಾಂ ತಳಿಯ ದನ ಸಾಕುವ ರೈತ. ಪಕ್ಷ ಹೊಸದಾದರೂ ಮನುಷ್ಯ ನೆಲದವನು.

2024ರ ಫಲಿತಾಂಶವನ್ನು ಓದಲು ಅಂಕಗಣಿತ ಬೇಕು. ಎರಡನೇ ಸುತ್ತಿಗೆ ಅರ್ಹತೆ ಪಡೆಯಲು ಮೊದಲ ಇಬ್ಬರನ್ನು ಬಿಟ್ಟು ಉಳಿದವರಿಗೆ, ನೋಂದಾಯಿತ ಮತದಾರರಲ್ಲಿ ಶೇ. 12.5ರಷ್ಟು ಮತ ಬೀಳಬೇಕೆಂಬುದು 1976ರಿಂದ ಇರುವ ನಿಯಮ. ದೇಶದಾದ್ಯಂತ ಶೇ. 47.5 ಮತದಾನವಾದ 2022ರಲ್ಲಿ ಇದು ಚಲಾಯಿತ ಮತಗಳ ಶೇ. 26ಕ್ಕೆ ಸಮ, ಶೇ. 66.7 ಮತದಾನವಾದ 2024ರಲ್ಲಿ ಶೇ. 19ಕ್ಕೂ ಕಡಿಮೆ. ಕ್ರೂಜ್‌ನಲ್ಲಿ ಲನ್ವಾರ್, ಕೂತುರಿಯೇ ಜೊತೆಗೆ ಜಿಲ್ಲಾ ಪರಿಷತ್ತಿನ ಅಧ್ಯಕ್ಷೆ ವಾಲೆರಿ ಸಿಮೋನೆ ಕೂಡ ಕಣದಲ್ಲಿ ಉಳಿದರು. ತ್ರಿಕೋನ ಸ್ಪರ್ಧೆಯಲ್ಲಿ ಲನ್ವಾರ್ ಅರ್ಧಕ್ಕಿಂತ ಕಡಿಮೆ ಮತ ಪಡೆದೂ ಗೆದ್ದರು. ಆದ್ದರಿಂದ ಇಡೀ ಜಿಲ್ಲೆ ಬಲಕ್ಕೆ ವಾಲಿತು ಎನ್ನಲು ಈ ಫಲಿತಾಂಶವೊಂದೇ ಆಧಾರವಾಗದು. ಮುಚ್ಚಿದ ಕಚೇರಿಗಳ ಪಟ್ಟಿಯನ್ನೂ ಹಳ್ಳಿವಾರು ಮತಗಳನ್ನೂ ಅಕ್ಕಪಕ್ಕ ಇಟ್ಟು ನೋಡುವ ಕೆಲಸ ಮೊದಲು ಆಗಬೇಕು.