ಕಟ್ಟಿದ ಕಂಠಕ್ಕೆ ಮದ್ದು

ನೆಗಡಿಯನ್ನು ಯಾರೂ ದೊಡ್ಡ ರೋಗವೆಂದು ಎಣಿಸುವುದಿಲ್ಲ. ಗುಮಾಸ್ತನಿಗೆ ನೆಗಡಿಯಾದರೆ ಕರವಸ್ತ್ರ ಹಿಡಿದುಕೊಂಡೇ ಕಚೇರಿಗೆ ಹೋಗುತ್ತಾನೆ. ಅವನ ಮೂಗಿನ ಸ್ಥಿತಿ ಲೆಕ್ಕದ ಪುಸ್ತಕಕ್ಕೆ ತಿಳಿಯುವುದಿಲ್ಲ. ಹಾಡುವವರ ಪಾಡು ಹಾಗಲ್ಲ. ರಾಮೋತ್ಸವದ ಕಚೇರಿ ನಾಡಿದ್ದು ಎನ್ನುವಾಗ ಗಂಟಲು ಕಟ್ಟಿತೆಂದರೆ ಮನೆಮಂದಿಯೆಲ್ಲ ವೈದ್ಯರಾಗುತ್ತಾರೆ. ಒಬ್ಬರು ಮೆಣಸು ಶುಂಠಿ ಜಜ್ಜಿ ಕಷಾಯಕ್ಕಿಡುತ್ತಾರೆ. ಇನ್ನೊಬ್ಬರು ಬಿಸಿಹಾಲಿಗೆ ಅರಿಶಿನ ಕದಡುತ್ತಾರೆ. ನೆರೆಮನೆಯ ಅಜ್ಜಿ ದೊಡ್ಡಪತ್ರೆಯ ಎಲೆ ಬಾಡಿಸಿ, ರಸ ಹಿಂಡಿ, ಜೇನು ಬೆರೆಸಿ ಕಳಿಸುತ್ತಾರೆ. ಈ ಮದ್ದುಗಳಲ್ಲಿ ಕೆಲವಕ್ಕೆ ಎರಡು ಸಾವಿರ ವರ್ಷಗಳಷ್ಟು ಹಳೆಯ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ನಾವು ಉಳಿಸಿಕೊಂಡದ್ದೇನು, ಕೈಬಿಟ್ಟದ್ದೇನು ಎಂಬುದನ್ನು ಸ್ವಲ್ಪ ನೋಡೋಣ.

ಚರಕಸಂಹಿತೆಯ ಸೂತ್ರಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಮೂಲಿಕೆಗಳನ್ನು ಅವು ಮಾಡುವ ಕೆಲಸಕ್ಕೆ ತಕ್ಕಂತೆ ಹತ್ತು ಹತ್ತರ ಗುಂಪು ಮಾಡಿದ್ದಾರೆ. ಅವುಗಳಲ್ಲಿ ಒಂದು ಗುಂಪಿನ ಹೆಸರು ‘ಕಂಠ್ಯ’, ಎಂದರೆ ಕಂಠಕ್ಕೆ ಹಿತವಾದದ್ದು. ಸೊಗದೆ ಬೇರು, ಕಬ್ಬಿನ ಬೇರು, ಜ್ಯೇಷ್ಠಮಧು, ಹಿಪ್ಪಲಿ, ದ್ರಾಕ್ಷಿ, ನೆಲಗುಳ್ಳ ಮೊದಲಾದವು ಅದರಲ್ಲಿವೆ. ಗಾಯಕರು ಇಂದಿಗೂ ಜ್ಯೇಷ್ಠಮಧುವಿನ ತುಂಡನ್ನು ದವಡೆಗಿಟ್ಟುಕೊಂಡು ರಸ ನುಂಗುವುದಕ್ಕೆ ಅಷ್ಟು ಹಿಂದಿನ ಆಧಾರವಿದೆ. ಮನೆಗಳಲ್ಲಿ ಬಳಕೆಯಲ್ಲಿರುವ ಸಿತೋಪಲಾದಿ ಚೂರ್ಣವೂ ಚರಕದ್ದೇ. ಅದರ ಲೆಕ್ಕ ನೆನಪಿಡಲು ಬಲು ಸುಲಭ: ಕಲ್ಲುಸಕ್ಕರೆ ೧೬ ಭಾಗ, ಬಿದಿರಿನೊಳಗೆ ಸಿಕ್ಕುವ ವಂಶಲೋಚನ ೮, ಹಿಪ್ಪಲಿ ೪, ಏಲಕ್ಕಿ ೨, ದಾಲ್ಚಿನ್ನಿ ೧. ಇದನ್ನು ಜೇನು ತುಪ್ಪಗಳಲ್ಲಿ ಕಲಸಿ ನೆಕ್ಕಬೇಕು. ಈ ಚೂರ್ಣ ಬರುವುದು ನೆಗಡಿಯ ಪ್ರಕರಣದಲ್ಲಿ ಅಲ್ಲ, ರಾಜಯಕ್ಷ್ಮದ, ಎಂದರೆ ಕ್ಷಯರೋಗದ ಅಧ್ಯಾಯದಲ್ಲಿ ಎಂಬುದನ್ನು ವಾಚಕರು ಗಮನಿಸಬೇಕು. ದನಿ ಒಡೆಯುವುದು ಆ ರೋಗದ ಲಕ್ಷಣಗಳಲ್ಲಿ ಒಂದು. ಹಳಬರು ಕಟ್ಟಿದ ಕಂಠವನ್ನು ಹಗುರವಾಗಿ ಕಂಡಿರಲಿಲ್ಲ.

ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ‘ಸ್ವರಭೇದ’ಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಅದಕ್ಕೆ ಹೇಳಿದ ಕಾರಣಗಳಲ್ಲಿ ಅತಿ ಗಟ್ಟಿಯಾಗಿ ಮಾತಾಡುವುದು ಒಂದು, ಅಧ್ಯಯನ ಇನ್ನೊಂದು. ಅಧ್ಯಯನವೆಂದರೆ ಆ ಕಾಲದಲ್ಲಿ ಬಾಯಿಬಿಟ್ಟು ಪಠಿಸುವುದಷ್ಟೆ. ಎಂಬತ್ತು ಮಂದಿ ಹುಡುಗರ ತರಗತಿಯಲ್ಲಿ ಹಳಗನ್ನಡ ಕಾವ್ಯವನ್ನು ಕೊನೆಯ ಬೆಂಚಿಗೂ ಮುಟ್ಟಿಸಬೇಕಾದ ನನ್ನಂಥವರಿಗೆ ಈ ಪಟ್ಟಿಯಲ್ಲಿ ಜಾಗ ಸಿಕ್ಕಿರುವುದು ಒಂದು ಸಮಾಧಾನ! ಇರಲಿ. ಅದೇ ಉತ್ತರತಂತ್ರದ ಮೊದಲಲ್ಲಿ ಚಿಕಿತ್ಸೆಯ ಸಾರವನ್ನು ಒಂದೇ ಮಾತಿನಲ್ಲಿ ಹೇಳಿದೆ: ರೋಗಕ್ಕೆ ಯಾವುದು ಕಾರಣವೋ ಅದನ್ನು ಬಿಡುವುದು. ಈ ಎರಡು ಮಾತುಗಳನ್ನು ಒಟ್ಟಿಗಿಟ್ಟರೆ ಕಟ್ಟಿದ ಗಂಟಲಿಗೆ ಮೊದಲ ಮದ್ದು ಯಾವುದೆಂದು ಬೇರೆ ಹೇಳಬೇಕಾಗಿಲ್ಲ. ಅದು ಮೌನ.

ವೈದ್ಯವೂ ಸಂಗೀತವೂ ಒಬ್ಬನಲ್ಲೇ ಕೂಡಿಬಂದದ್ದು ಹದಿಮೂರನೆಯ ಶತಮಾನದಲ್ಲಿ. ‘ಸಂಗೀತರತ್ನಾಕರ’ವನ್ನು ಬರೆದ ಶಾರ್ಙ್ಗದೇವನು ದೇವಗಿರಿಯ ಸೇವುಣ ದೊರೆ ಸಿಂಘಣನ ಆಸ್ಥಾನದಲ್ಲಿ ಲೆಕ್ಕಪತ್ರದ ಹಿರಿಯ ಅಧಿಕಾರಿ. ಕನ್ನಡ ನಾಡಿನ ಉತ್ತರ ಭಾಗವೂ ಆಗ ಆ ದೊರೆಯ ಆಳ್ವಿಕೆಯಲ್ಲಿತ್ತು. ಕಾಶ್ಮೀರದಿಂದ ವಲಸೆ ಬಂದ ಮನೆತನದ ಈತ ವೈದ್ಯವನ್ನೂ ಬಲ್ಲವನು. ಆದ್ದರಿಂದಲೇ ಅವನ ಸಂಗೀತಶಾಸ್ತ್ರ ಮನುಷ್ಯದೇಹದ ವಿವರಣೆಯಿಂದ ಆರಂಭವಾಗುತ್ತದೆ. ದನಿಯನ್ನು ಅವನು ನಾಲ್ಕು ಬಗೆ ಮಾಡುತ್ತಾನೆ: ಕಫದಿಂದ ಹುಟ್ಟಿದ್ದು, ಪಿತ್ತದಿಂದ ಹುಟ್ಟಿದ್ದು, ವಾತದಿಂದ ಹುಟ್ಟಿದ್ದು, ಇವು ಮೂರೂ ಬೆರೆತದ್ದು. ಕಫದ ದನಿಗೆ ಅವನು ಮೃದುತ್ವವನ್ನೂ ಮಾಧುರ್ಯವನ್ನೂ ಹೇಳಿದ್ದಾನೆ. ಗಂಟಲು ಕಟ್ಟಿಸುವ ಕಫವೇ ದನಿಗೆ ಸವಿಯನ್ನೂ ಕೊಡುತ್ತದೆ ಎಂದಾಯಿತು. ಅಭ್ಯಾಸವಿಲ್ಲದೆಯೂ ರಾಗವನ್ನು ಬೆಳಗಿಸಬಲ್ಲ ಕಂಠಕ್ಕೆ, ಅದು ಶರೀರದೊಡನೆಯೇ ಹುಟ್ಟಿದ್ದೆಂಬ ಕಾರಣದಿಂದ, ಅವನು ‘ಶಾರೀರ’ವೆಂಬ ಹೆಸರನ್ನು ಹೇಳುತ್ತಾನೆ. “ಒಳ್ಳೆಯ ಶಾರೀರ” ಎಂದು ಕಚೇರಿ ಮುಗಿಸಿ ಬರುವಾಗ ನಾವು ಮೆಚ್ಚುವ ಮಾತಿನ ಅರ್ಥ ಇದೇ. ಶರೀರದೊಡನೆ ಹುಟ್ಟಿದ್ದು ಶರೀರದೊಡನೆ ಕೆಡಲೂಬಹುದು.

ಮೌನದ ಮದ್ದು ಬೇರೆ ದೇಶದವರಿಗೂ ಗೊತ್ತಿತ್ತು. ಕ್ರಿ.ಶ. ೫೪ರಿಂದ ೬೮ರವರೆಗೆ ರೋಮನ್ನು ಆಳಿದ ನೀರೋ ಚಕ್ರವರ್ತಿಗೆ ತಾನು ಗಾಯಕನೆಂಬ ಹೆಮ್ಮೆ. ಅವನು ಎದೆಯ ಮೇಲೆ ಸೀಸದ ಹಲಗೆ ಇಟ್ಟುಕೊಂಡು ಮಲಗುತ್ತಿದ್ದನೆಂದೂ ದನಿಗೆ ಕೇಡೆಂದು ಹಣ್ಣು ಬಿಟ್ಟಿದ್ದನೆಂದೂ ಸ್ವೆಟೋನಿಯಸ್ ಬರೆದಿದ್ದಾನೆ. ತಿಂಗಳಲ್ಲಿ ಕೆಲವು ದಿನ ಈರುಳ್ಳಿಯ ಜಾತಿಯ ಒಂದು ಸೊಪ್ಪನ್ನು ಎಣ್ಣೆಯೊಡನೆ ತಿನ್ನುವುದಷ್ಟೇ ಅವನ ಆಹಾರವಾಗಿತ್ತೆಂದು ಪ್ಲಿನಿ ಹೇಳುತ್ತಾನೆ. ಇವೆಲ್ಲಕ್ಕಿಂತ ಜಾಣತನದ ಉಪಾಯ ಇನ್ನೊಂದಿತ್ತು. ದನಿ ಸವೆಯಬಾರದೆಂದು ಸೈನಿಕರಿಗೆ ಹೇಳಬೇಕಾದ್ದನ್ನು ಅವನು ಬರೆದು ಕಳಿಸುತ್ತಿದ್ದ, ಇಲ್ಲವೆ ಬೇರೆಯವರಿಂದ ಹೇಳಿಸುತ್ತಿದ್ದ.

ಚಕ್ರವರ್ತಿ ಬಾಯಿ ಮುಚ್ಚಿಕೊಂಡಿರಬಹುದು. ಹಾಡಿ ಹೊಟ್ಟೆ ಹೊರೆಯುವವನು ಏನು ಮಾಡಬೇಕು? ಗುಬ್ಬಿ ಕಂಪನಿ ಹುಟ್ಟಿದ್ದು ೧೮೮೪ರಲ್ಲಿ. ಧ್ವನಿವರ್ಧಕ ಬರುವುದಕ್ಕೆ ಹಲವು ದಶಕ ಮುಂಚೆ. ಅಂದಿನ ವೃತ್ತಿನಾಟಕದ ನಟ ತಾನೇ ಹಾಡಬೇಕು, ಹಾರ್ಮೋನಿಯಮ್ಮಿನ ಏರುಶ್ರುತಿಗೆ ಹಾಡಬೇಕು, ಡೇರೆಯ ಕೊನೆಯಲ್ಲಿ ನೆಲದ ಮೇಲೆ ಕುಳಿತವನಿಗೂ ಕೇಳಿಸಬೇಕು. ಮೇಲಾಗಿ “ಒನ್ಸ್ ಮೋರ್” ಎಂದು ಕೂಗಿದರೆ ಅದೇ ಹಾಡನ್ನು ಮತ್ತೆ ಎತ್ತಬೇಕು. ಟಿಕೆಟ್ಟು ಮಾರಿಯಾದ ಮೇಲೆ ನೆಗಡಿಯೆಂದರೆ ಕೇಳುವವರು ಯಾರು? ಇರುಳೆಲ್ಲ ಚೆಂಡೆಯ ಅಬ್ಬರದೊಡನೆ ಹಾಡುವ ಯಕ್ಷಗಾನದ ಭಾಗವತರ ಕಷ್ಟವೂ ಇಂಥದೇ. ಹೀಗೆ ಮೌನಕ್ಕೆ ಅವಕಾಶವಿಲ್ಲದ ಕಡೆ ಕಷಾಯದ ಮೇಲೆ ಭಾರವೆಲ್ಲ ಬಿತ್ತು. ಗಂಟಲನ್ನು ಗುಣಪಡಿಸಬೇಕಾದ ಮದ್ದು, ಕಟ್ಟಿದ ಗಂಟಲಿನಲ್ಲೇ ಈ ಹೊತ್ತಿನ ಹಾಡು ಮುಗಿಸಿಕೊಡುವ ಮದ್ದಾಯಿತು.

ಇದರಲ್ಲಿ ಅಪಾಯವೇನೆಂಬುದು ತಿಳಿದದ್ದು ಗಂಟಲಿನ ಒಳಗನ್ನು ಕಣ್ಣಾರೆ ಕಂಡ ಮೇಲೆ. ಕಂಡವನು ವೈದ್ಯನಲ್ಲ, ಮಾನ್ಯುಯೆಲ್ ಗಾರ್ಸಿಯಾ ಎಂಬ ಸಂಗೀತದ ಮೇಷ್ಟ್ರು. ೧೮೫೪ರಲ್ಲಿ ಅವನು ಹಲ್ಲಿನ ವೈದ್ಯರ ಪುಟ್ಟ ಕನ್ನಡಿಯನ್ನು ಬಾಯೊಳಗಿಟ್ಟು, ಇನ್ನೊಂದು ಕನ್ನಡಿಯಿಂದ ಬಿಸಿಲು ಹಾಯಿಸಿ, ಹಾಡುವಾಗ ತನ್ನ ಧ್ವನಿತಂತುಗಳು ಕೂಡುವುದನ್ನೂ ಬಿಡುವುದನ್ನೂ ನೋಡಿದನು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ತನ್ನ ಪ್ರಬಂಧವನ್ನು ಒಪ್ಪಿಸಿದನು. ಈ ತಂತುಗಳಿರುವುದು ಉಸಿರಿನ ಕೊಳವೆಯ ತುದಿಯಲ್ಲಿ. ನಾವು ಕುಡಿದ ಕಷಾಯ ಹೋಗುವುದು ಅದರ ಹಿಂದಿನ ಅನ್ನನಾಳದಲ್ಲಿ. ನುಂಗುವಾಗ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಎಂದಮೇಲೆ ಜೇನಾಗಲಿ ಹಿಪ್ಪಲಿಯಾಗಲಿ ಧ್ವನಿತಂತುವನ್ನು ಮುಟ್ಟುವುದೇ ಇಲ್ಲ. ಅವು ಗಂಟಲ ಉರಿಯನ್ನೂ ಕೆಮ್ಮನ್ನೂ ಶಮನ ಮಾಡುತ್ತವೆ, ಮೈಗೆ ನೀರು ಒದಗಿಸುತ್ತವೆ. ಅದೇನು ಸಣ್ಣ ಉಪಕಾರವಲ್ಲ. ತಂತುವಿನವರೆಗೆ ಹೋಗಬಲ್ಲದ್ದು ಉಸಿರಿನೊಡನೆ ಎಳೆದುಕೊಂಡ ಹಬೆ ಮಾತ್ರ. ನೆಗಡಿಯಲ್ಲಿ ಬಾತುಕೊಂಡ ತಂತು ಭಾರವಾಗಿ ನಿಧಾನವಾಗಿ ಕಂಪಿಸುತ್ತದೆ. ಮಂದ್ರಸ್ಥಾಯಿ ಗಂಭೀರವಾಗಿ ಕೇಳಿಸಿದರೂ ತಾರಷಡ್ಜ ಕೈಗೆ ಸಿಗುವುದಿಲ್ಲ. ಅದನ್ನು ಹಟದಿಂದ ಎಟುಕಲು ಹೋದರೆ ತಂತುವಿನ ಸಣ್ಣ ರಕ್ತನಾಳ ಒಡೆಯುವುದುಂಟು. ತಲೆನೋವಿಗೆಂದು ಆಸ್ಪಿರಿನ್ ನುಂಗಿದ್ದರೆ ರಕ್ತ ಸುಲಭವಾಗಿ ಹೆಪ್ಪುಗಟ್ಟದು, ಅಪಾಯ ಇನ್ನೂ ಹೆಚ್ಚು. ಪಿಸುಮಾತೂ ವಿಶ್ರಾಂತಿಯಲ್ಲ; ಅದರಿಂದಲೂ ಗಂಟಲಿಗೆ ಆಯಾಸವಾಗಬಹುದು. ಜ್ಯೇಷ್ಠಮಧುವನ್ನು ಕೂಡ ಹೆಚ್ಚಾಗಿ, ಬಹಳ ದಿನ ತಿಂದರೆ ರಕ್ತದ ಒತ್ತಡ ಏರುತ್ತದೆ.

ಮೌನಕ್ಕೆ ಗಾಯಕರು ಅಂಜುವುದೇಕೆಂದು ನನಗೆ ಗೊತ್ತು. ಹಾಡದಿದ್ದರೆ ಜನ ಮರೆತಾರು ಎಂಬ ಭಯ. ೧೯೨೪ರಲ್ಲಿ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ಬಾಲ್ಯದಲ್ಲೇ ಹೆಸರು ಗಳಿಸಿದವರು. ಇಪ್ಪತ್ತರ ಹರೆಯದಲ್ಲಿ ಅವರಿಗೆ ಕ್ಷಯರೋಗ ತಗಲಿತು. ೧೯೪೮ರಲ್ಲಿ ಒಣಹವೆಗಾಗಿ ಮಾಳವದ ದೇವಾಸಕ್ಕೆ ಹೋದರು. ಹಾಡಕೂಡದೆಂದು ವೈದ್ಯರ ಕಟ್ಟಪ್ಪಣೆ. ಸ್ಟ್ರೆಪ್ಟೋಮೈಸಿನ್ ಎಂಬ ಹೊಸ ಔಷಧ ಅವರನ್ನು ಉಳಿಸಿತು. ೧೯೫೩ರಲ್ಲಿ ಮತ್ತೆ ವೇದಿಕೆಗೆ ಬಂದರು. ನಡುವಿನ ವರ್ಷಗಳಲ್ಲಿ ಹಾಸಿಗೆಯಲ್ಲಿದ್ದು ಮಾಳವದ ಜನಪದ ಹಾಡುಗಳನ್ನು ಕಿವಿಗೊಟ್ಟು ಕೇಳಿದ್ದು ಅವರ ಮುಂದಿನ ಸಂಗೀತಕ್ಕೆ ಹೊಸ ಜೀವ ತಂದಿತು. ಜನ ಅವರನ್ನು ಮರೆಯಲಿಲ್ಲ. ೧೯೯೨ರಲ್ಲಿ ತೀರಿಕೊಳ್ಳುವವರೆಗೂ ಹಿಂದುಸ್ಥಾನಿ ಸಂಗೀತದ ಮುಂದಾಳುಗಳಲ್ಲಿ ಅವರೊಬ್ಬರಾಗಿದ್ದರು.

ಸಾಮಾನ್ಯ ನೆಗಡಿಗೆ ಐದು ವರ್ಷ ಬೇಕಿಲ್ಲ, ಕೆಲವು ದಿನ ಸಾಕು. ಎರಡು ಮೂರು ವಾರ ಕಳೆದರೂ ದನಿ ತಿಳಿಯಾಗದಿದ್ದರೆ ಮಾತ್ರ ಕಷಾಯವನ್ನು ನೆಚ್ಚಿ ಕೂರದೆ ಗಂಟಲಿನ ವೈದ್ಯರಿಗೆ ತೋರಿಸಬೇಕು. ಕಷಾಯ ಕಾಸುವವರು ಮನೆಯಲ್ಲಿದ್ದಾರೆ. ಆದರೆ ಮೌನವನ್ನು ಮನೆಯವರಷ್ಟೇ ಒದಗಿಸಲಾರರು. ಅದಕ್ಕೆ ಸಭೆಯ ಕಾರ್ಯದರ್ಶಿಗಳೂ ಶ್ರೋತೃಗಳೂ ಒಪ್ಪಬೇಕು. ಗಾಯಕರಿಗೆ ಅಸ್ವಸ್ಥತೆ, ಕಚೇರಿ ಮುಂದೂಡಿದೆ ಎಂಬ ಚೀಟಿ ಬಾಗಿಲಲ್ಲಿ ಕಂಡಾಗ ಗೊಣಗದೆ ಮನೆಗೆ ಹಿಂದಿರುಗುವುದು ನಾವು ರಸಿಕರು ಮಾಡಬಹುದಾದ ಉಪಚಾರ.