ಬೆಂಕಿಯಿಲ್ಲದ ಊರಿನ ಹೊಗೆ

ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂಬ ಮಾತು ಕೇಳುತ್ತಲೇ ಬೆಳೆದವರು ನಾವು. ಯಾರದೋ ಮನೆಯ ಸಂಗತಿ ಚಹಾದಂಗಡಿಯ ಬೆಂಚಿಗೆ ಬಂದಾಗ, ನಂಬಲು ಹಿಂಜರಿಯುವವನ ಬಾಯಿ ಮುಚ್ಚಿಸಲು ಇದೊಂದು ಮಾತು ಸಾಕು. ಆದರೆ ಈ ಗಾದೆಯನ್ನೇ ಅನುಮಾನಕ್ಕೆ ಒಡ್ಡಿದ ಒಂದು ಅಧ್ಯಯನ ನಮ್ಮ ದೇಶದಲ್ಲಿ, ಸ್ವಾತಂತ್ರ್ಯಕ್ಕೆ ಹನ್ನೆರಡು ಹದಿಮೂರು ವರ್ಷ ಮೊದಲೇ ನಡೆದಿತ್ತು.

1934ರ ಜನವರಿ 15ರ ಮಧ್ಯಾಹ್ನ ಬಿಹಾರ ಮತ್ತು ನೇಪಾಳದ ನೆಲ ನಡುಗಿತು. ಮುಂಗೇರ್, ಮುಜಫ್ಫರಪುರಗಳು ಹಾಳುಬಿದ್ದವು. ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ದಿನಗಳಲ್ಲಿ ಬಾಯಿಂದ ಬಾಯಿಗೆ ಹರಿದಾಡಿದ ಸುದ್ದಿಗಳನ್ನು ಜಮುನಾ ಪ್ರಸಾದ್ ಎಂಬ ಮನಶ್ಶಾಸ್ತ್ರಜ್ಞರು ಕಲೆಹಾಕಿದರು. ಪಟ್ನಾಕ್ಕೆ ಚಂಡಮಾರುತ ಅಪ್ಪಳಿಸಲಿದೆ. ಚಂದ್ರಗ್ರಹಣದ ದಿನ ಮತ್ತೆ ಭೂಮಿ ನಡುಗಲಿದೆ. ಗಂಗೆಯ ನೀರು ಏಕಾಏಕಿ ಇಂಗಿಹೋಗಿ ಸ್ನಾನಕ್ಕಿಳಿದವರು ಮರಳಿನಲ್ಲಿ ಹೂತುಹೋದರು - ಹೀಗಿದ್ದವು ಆ ಸುದ್ದಿಗಳು. ಪ್ರಸಾದರ ಪ್ರಬಂಧ 1935ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು.

ಸುಮಾರು ಇಪ್ಪತ್ತು ವರ್ಷಗಳ ನಂತರ ಅಮೆರಿಕದ ಲಿಯಾನ್ ಫೆಸ್ಟಿಂಗರ್ ಅದನ್ನು ಓದಿ ಒಂದು ಕಡೆ ತಡೆದು ನಿಂತರು. ಈ ಸುದ್ದಿಗಳು ಹಬ್ಬಿದ್ದು ನೆಲಸಮವಾದ ಊರುಗಳಲ್ಲಿ ಅಲ್ಲ. ನಡುಕವನ್ನು ಅನುಭವಿಸಿದರೂ ನಾಶವನ್ನು ಕಾಣದ ಜನರ ನಡುವೆ. ಅಪಾಯದಿಂದ ಪಾರಾದವರು ನೆಮ್ಮದಿಯ ಮಾತನ್ನಾಡುವುದು ಬಿಟ್ಟು, ಇನ್ನೂ ದೊಡ್ಡ ಆಪತ್ತನ್ನು ಯಾಕೆ ಕಲ್ಪಿಸಿಕೊಂಡರು? 1950ರಲ್ಲಿ ಡಾರ್ಜಿಲಿಂಗಿನಲ್ಲಿ ಭೂಕುಸಿತವಾದಾಗ ದುರ್ಗಾನಂದ ಸಿನ್ಹಾ ಅಂಥದೇ ಅಧ್ಯಯನ ನಡೆಸಿದ್ದರು. ಅಲ್ಲಿ ಜನ ಕುಸಿದ ಮನೆಗಳನ್ನು, ಸತ್ತವರನ್ನು ಕಣ್ಣಾರೆ ಕಂಡಿದ್ದರು. ಅಲ್ಲಿ ಇಂಥ ಅತಿರಂಜಿತ ಸುದ್ದಿಗಳು ಹಬ್ಬಿರಲಿಲ್ಲ.

ಫೆಸ್ಟಿಂಗರ್ ಕಂಡುಕೊಂಡ ಉತ್ತರ ಸರಳವಾಗಿದೆ. ಎದೆಯಲ್ಲಿ ಭಯ ಹೊಕ್ಕಿದೆ, ಆದರೆ ಕಣ್ಣೆದುರು ಭಯಪಡುವಂಥದ್ದು ಏನೂ ಇಲ್ಲ. ಈ ಹೊಂದಿಕೆಯಾಗದ ಸ್ಥಿತಿಯನ್ನು ಮನಸ್ಸು ಸಹಿಸದು. ಆದ್ದರಿಂದ ಅದು ತನ್ನ ಭಯಕ್ಕೆ ತಕ್ಕ ಕಾರಣವೊಂದನ್ನು ಹುಡುಕಿಕೊಳ್ಳುತ್ತದೆ. ಸುದ್ದಿಯಿಂದ ಭಯ ಹುಟ್ಟಿದ್ದಲ್ಲ. ಮೊದಲೇ ಹುಟ್ಟಿದ್ದ ಭಯವು ತನ್ನನ್ನು ಸಮರ್ಥಿಸಿಕೊಳ್ಳಲು ಸುದ್ದಿಯನ್ನು ಹೆತ್ತಿತು. 1957ರಲ್ಲಿ ಫೆಸ್ಟಿಂಗರ್ ಮಂಡಿಸಿದ, ಇಂದಿಗೂ ಪಠ್ಯಗಳಲ್ಲಿರುವ ಸಿದ್ಧಾಂತಕ್ಕೆ ಬಿಹಾರದ ಈ ಗಾಳಿಸುದ್ದಿಗಳೂ ಒಂದು ಪ್ರೇರಣೆಯಾದವು.

ಹುಟ್ಟಿದ ಸುದ್ದಿ ಬೆಳೆಯುವ ಬಗೆಯನ್ನು ಗಾರ್ಡನ್ ಆಲ್‌ಪೋರ್ಟ್ ಮತ್ತು ಲಿಯೊ ಪೋಸ್ಟ್‌ಮನ್ 1947ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ್ದಾರೆ. ಒಂದು ಚಿತ್ರವನ್ನು ನೋಡಿದವನು, ನೋಡದ ಇನ್ನೊಬ್ಬನಿಗೆ ಅದನ್ನು ಬಣ್ಣಿಸಬೇಕು. ಅವನು ಮೂರನೆಯವನಿಗೆ ಹೇಳಬೇಕು. ಹೀಗೆ ಐದಾರು ಬಾಯಿ ದಾಟುವಷ್ಟರಲ್ಲಿ ಶೇ. 70ರಷ್ಟು ವಿವರಗಳು ಉದುರಿಹೋಗುತ್ತಿದ್ದವು. ಉಳಿದದ್ದು ಹರಿತವಾಗುತ್ತಿತ್ತು, ಹೇಳುವವನ ಪೂರ್ವಗ್ರಹಕ್ಕೆ ಒಗ್ಗುತ್ತಿತ್ತು. ಒಂದು ಚಿತ್ರದಲ್ಲಿ ರೈಲಿನೊಳಗೆ ಒಬ್ಬ ಬಿಳಿಯ, ಒಬ್ಬ ಕರಿಯ ನಿಂತಿದ್ದರು. ಕ್ಷೌರದ ಕತ್ತಿ ಇದ್ದದ್ದು ಬಿಳಿಯನ ಕೈಯಲ್ಲಿ. ಆದರೆ ಅರ್ಧಕ್ಕಿಂತ ಹೆಚ್ಚು ಪ್ರಯೋಗಗಳಲ್ಲಿ ಯಾವುದೋ ಒಂದು ಹಂತದಲ್ಲಿ ಆ ಕತ್ತಿ ಕರಿಯನ ಕೈಗೆ ಬಂದಿತ್ತು! ಯಾರೂ ಬೇಕೆಂದು ಸುಳ್ಳು ಹೇಳಿರಲಿಲ್ಲ. ಕತ್ತಿ ಯಾರ ಕೈಯಲ್ಲಿರಬೇಕು ಎಂಬುದನ್ನು ಅವರ ಮನಸ್ಸು ಮೊದಲೇ ತೀರ್ಮಾನಿಸಿತ್ತು, ಅಷ್ಟೆ. ಈ ದೇಶದಲ್ಲಿ ಆ ಕತ್ತಿ ಎಷ್ಟು ಸಲ ಯಾರ ಕೈಗೆ ಬಂದಿದೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ.

2012ರ ಆಗಸ್ಟ್‌ನಲ್ಲಿ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಯುವಕ ಯುವತಿಯರು ಗುವಾಹಟಿಯ ರೈಲಿಗೆ ಮುಗಿಬಿದ್ದರು. ಅಸ್ಸಾಮಿನ ಹಿಂಸೆಗೆ ಪ್ರತೀಕಾರವಾಗಿ ರಮಝಾನ್ ಮುಗಿದೊಡನೆ ಮುಸ್ಲಿಮರು ದಾಳಿ ಮಾಡಲಿದ್ದಾರೆ ಎಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿತ್ತು. ರಮಝಾನ್ ಮುಗಿಯಿತು, ಈದ್ ಬಂತು, ದಾಳಿ ಬರಲಿಲ್ಲ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲೂಕಿನಲ್ಲಿ ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪೊಂದು ಶಾಲಾಮಕ್ಕಳಿಗೆ ಚಾಕೊಲೇಟ್ ಹಂಚಿತು. ಮಕ್ಕಳ ಕಳ್ಳರ ಸುದ್ದಿ ವಾಟ್ಸ್ಆ್ಯಪಿನಲ್ಲಿ ಓಡಾಡುತ್ತಿದ್ದ ಕಾಲವದು. ಮುರ್ಕಿ ಗ್ರಾಮದ ಬಳಿ ಗುಂಪು ಅವರನ್ನು ಅಡ್ಡಗಟ್ಟಿತು. ಒಬ್ಬ ತರುಣ ಪ್ರಾಣ ಕಳೆದುಕೊಂಡ. ಮಗುವಿನ ಕೈಗಿಟ್ಟ ಮಿಠಾಯಿ ಸಾವಿಗೆ ಸಾಕ್ಷಿಯಾಯಿತು.

ಇಷ್ಟನ್ನು ಹೇಳಿ ಬೇರೆಯವರತ್ತ ಬೆರಳು ತೋರಿಸಿ ಸುಮ್ಮನಾದರೆ ನಾವು ನಮಗೇ ಮೋಸ ಮಾಡಿಕೊಂಡಂತೆ. ನಾವು ಗಾಳಿಸುದ್ದಿಯ ಬಲಿಪಶುಗಳು ಮಾತ್ರವಲ್ಲ, ವಾಹಕರೂ ಹೌದು. ನಮ್ಮ ಮೊಹಲ್ಲಾದ ಗುಂಪುಗಳಲ್ಲಿ ಯಾವುದೋ ದೇಶದ, ಯಾವುದೋ ಕಾಲದ ಚಿತ್ರ 'ನಿನ್ನೆಯ ಘಟನೆ'ಯಾಗಿ ಬಂದಾಗ ನಾವೆಷ್ಟು ಮಂದಿ ತಡೆದು ಕೇಳಿದ್ದೇವೆ? ಭಯದಲ್ಲಿ ಬದುಕುವ ಸಮುದಾಯಕ್ಕೆ ಆ ಭಯವನ್ನು ದೃಢಪಡಿಸುವ ಸುದ್ದಿ ಬೇಗ ರುಚಿಸುತ್ತದೆ. ಭಯಕ್ಕೆ ನಿಜವಾದ ಕಾರಣಗಳಿದ್ದಾಗಲಂತೂ ಸುಳ್ಳು ಕಾರಣಗಳೂ ಅವುಗಳೊಂದಿಗೆ ಸುಲಭವಾಗಿ ಸೇರಿಕೊಳ್ಳುತ್ತವೆ. ಇನ್ನು ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದರೆ ಅದು ಹೆಚ್ಚು ಸತ್ಯವೆಂದು ತೋರುತ್ತದೆ ಎಂಬುದನ್ನು 1977ರಲ್ಲಿ ಅಮೆರಿಕದ ಸಂಶೋಧಕರು ವಿದ್ಯಾರ್ಥಿಗಳ ಮೇಲಿನ ಪ್ರಯೋಗದಲ್ಲಿ ಕಂಡುಕೊಂಡರು. ಹತ್ತು ಗುಂಪುಗಳಿಂದ ಬಂದದ್ದು ಹತ್ತು ಸಾಕ್ಷಿಗಳಲ್ಲ; ಒಂದೇ ಸುಳ್ಳಿನ ಹತ್ತು ಪ್ರತಿಗಳೂ ಇರಬಹುದು.

ವಿಪರ್ಯಾಸವೆಂದರೆ, ಕೇಳಿದ ಮಾತನ್ನು ಶೋಧಿಸುವುದನ್ನೇ ಒಂದು ವಿದ್ಯೆಯಾಗಿ ಬೆಳೆಸಿದ ಪರಂಪರೆ ನಮ್ಮದು. ಸುದ್ದಿ ತಂದವನ ಮಾತನ್ನು ಪರಿಶೀಲಿಸಿರಿ, ಇಲ್ಲವಾದರೆ ಅರಿಯದೆ ಅನ್ಯಾಯವೆಸಗಿ ಪಶ್ಚಾತ್ತಾಪ ಪಡುವಿರಿ ಎಂಬ ಆಶಯದ ಎಚ್ಚರಿಕೆ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದಲ್ಲಿದೆ. ಪ್ರವಾದಿ(ಸ)ಯವರ ವಚನಗಳನ್ನು ಸಂಗ್ರಹಿಸಿದ ವಿದ್ವಾಂಸರು ಹೇಳಿಕೆಯ ಜೊತೆಗೆ ಹೇಳಿದವರ ಸರಣಿಯನ್ನೂ ಕೇಳಿದರು. ಇವನು ಅವನನ್ನು ನಿಜವಾಗಿ ಭೇಟಿಯಾಗಿದ್ದನೇ? ಇವನ ನೆನಪು ಗಟ್ಟಿಯೇ? ನಡತೆ ಎಂಥದ್ದು? 9ನೇ ಶತಮಾನದ ಇಮಾಮ್ ಬುಖಾರಿಯವರು ಇದರಲ್ಲಿ ಅತಿ ಕಟ್ಟುನಿಟ್ಟಿನವರು. ಬಾಯಿಂದ ಬಾಯಿಗೆ ಹೋಗುವಾಗ ಮಾತು ಕೆಡುತ್ತದೆ ಎಂಬ ಅರಿವು ಅವರಿಗೆ ಪ್ರಯೋಗಾಲಯವಿಲ್ಲದೆಯೇ ಇತ್ತು. ಅಲ್ಲಿ ಪ್ರತಿಯೊಂದು ಕೊಂಡಿಗೂ ಒಂದು ಹೆಸರಿತ್ತು. ನಮ್ಮ ಫಾರ್ವರ್ಡುಗಳಿಗೆ ತಂದೆ ತಾಯಿ ಯಾರೆಂದು ಯಾರಿಗೂ ತಿಳಿಯದು.

ಕಥೆ ಬರೆಯುವ ನಮ್ಮಂಥವರಿಗೆ ಉತ್ಪ್ರೇಕ್ಷೆ ಹೊಸದಲ್ಲ. ಆದರೆ ಕಥೆಗಾರ ಇದು ಕಥೆ ಎಂದು ಹೇಳಿಯೇ ಹೇಳುತ್ತಾನೆ. ಗಾಳಿಸುದ್ದಿ ಆ ಒಂದು ಮಾತನ್ನು ಮುಚ್ಚಿಡುತ್ತದೆ. ಮುಂದಿನ ಸಲ ಯಾರಾದರೂ ಹೊಗೆಯ ಗಾದೆ ಹೇಳಿದರೆ ಹೌದು, ಬೆಂಕಿ ಇದೆ ಎಂದೇ ಒಪ್ಪಿಕೊಳ್ಳೋಣ. ಅದು ಸುದ್ದಿಯಲ್ಲಿದೆಯೋ, ಕೇಳುತ್ತಿರುವ ನಮ್ಮ ಎದೆಯಲ್ಲಿದೆಯೋ ಎಂದು ನೋಡಿಕೊಂಡು ಆಮೇಲೆ ಬಾಯಿ ತೆರೆಯೋಣ.